911 ಕೊಳ್ಳುವ ಮೊದಲು ನಿಮ್ಮ ರಸ್ತೆ ನೋಡಿ

ವರ್ಷಗಟ್ಟಲೆ ಆಸೆಪಟ್ಟು, ದುಡ್ಡು ಹೊಂದಿಸಿಕೊಂಡು ಪೋರ್ಷೆ ಶೋರೂಮಿಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಜಿಟಿ3 ಸದ್ಯಕ್ಕಿಲ್ಲ ಸರ್, ಹೆಸರು ಬರೆಸಿ ಹೋಗಿ." ಎಷ್ಟು ದಿನ ಕಾಯಬೇಕು ಎಂದು ಕೇಳಿದರೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಹೊರಗೆ ಬಂದರೆ ದಲ್ಲಾಳಿಯೊಬ್ಬರು ಅದೇ ಕಾರನ್ನು ನಾಳೆಯೇ ಕೊಡಿಸುತ್ತೇನೆ, ಹೊಸ ಕಾರಿನ ಬೆಲೆಗಿಂತ ಸ್ವಲ್ಪ ಮೇಲೆ ಕೊಟ್ಟರಾಯಿತು ಎನ್ನುತ್ತಾರೆ. ಈ ಎರಡರ ನಡುವೆ ಸಿಕ್ಕಿಕೊಂಡವರಿಗಾಗಿ ಈ ಲೇಖನ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಟ್ಟಿ ಉದ್ದವಿರುವ ಕಾರೇ ಬೇರೆ, ನಿಮ್ಮ ರಸ್ತೆಗೆ ಹೊಂದುವ ಕಾರೇ ಬೇರೆ. ರೇಸ್ ಟ್ರ್ಯಾಕಿಗೆ ಹೋಗದೆ ರಸ್ತೆಯಲ್ಲಷ್ಟೇ ಓಡಿಸುವವರಿಗೆ ಸಾಮಾನ್ಯ 911 ಕರೇರಾ ಅನೇಕ ಸಲ ಟ್ರ್ಯಾಕಿಗೆಂದೇ ಹದಗೊಳಿಸಿದ 911 ಜಿಟಿ3ಗಿಂತ ಹೆಚ್ಚು ಸುಖ ಕೊಡುತ್ತದೆ. ಅದಕ್ಕೆ ಕಾರಣ ಎರಡೂ ಕಾರುಗಳ ಎಂಜಿನ್, ಟೈರ್, ಎತ್ತರಗಳಲ್ಲೇ ಇದೆ.

ಹಿನ್ನೆಲೆ ಇಷ್ಟು ಸಾಕು. 1963ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಈ ಕಾರು 901 ಎಂಬ ಹೆಸರಿನಲ್ಲಿ ಬಂತು. ನಡುವೆ ಸೊನ್ನೆ ಇರುವ ಸಂಖ್ಯೆಗಳು ತನ್ನವೆಂದು ಪ್ಯೂಜೊ ಕಂಪನಿ ತಕರಾರು ತೆಗೆದ ಮೇಲೆ 911 ಆಯಿತು. ಎಂಜಿನ್ ಅಂದಿನಿಂದ ಇಂದಿನವರೆಗೂ ಹಿಂದಿನ ಚಕ್ರಗಳ ಹಿಂದೆ, ಆರು ಸಿಲಿಂಡರ್ ಮೂರು ಮೂರಾಗಿ ಎರಡು ಕಡೆ ಮಲಗಿರುತ್ತವೆ. ಮೊದಲ ಜಿಟಿ3 ಬಂದದ್ದು 1999ರಲ್ಲಿ.

ಜಿಟಿ3 ರಸ್ತೆಯಲ್ಲಿ ಏನು ಮಾಡುತ್ತದೆ

ಈಗಿನ ಜಿಟಿ3ಯದು ಟರ್ಬೊ ಇಲ್ಲದ 4 ಲೀಟರ್ ಎಂಜಿನ್. 510 ಅಶ್ವಶಕ್ತಿ, 9,000 ಆರ್‌ಪಿಎಂವರೆಗೆ ಕೂಗುತ್ತಾ ಏರುತ್ತದೆ. ಬೇಡಿಕೆಯ ದೊಡ್ಡ ಪಾಲು ಆ ಕೂಗಿಗೇ ಸಲ್ಲಬೇಕು. ಆದರೆ ಅದರ ಗರಿಷ್ಠ ಟಾರ್ಕ್ 450 ನ್ಯೂಟನ್ ಮೀಟರ್, ಅದೂ ಸಿಗುವುದು 6,000 ಆರ್‌ಪಿಎಂ ದಾಟಿದ ಮೇಲೆ. ಕರೇರಾದಲ್ಲಿರುವುದು ಎರಡು ಟರ್ಬೊಗಳ 3 ಲೀಟರ್ ಎಂಜಿನ್. ಶಕ್ತಿ 394. ಟಾರ್ಕ್ ಮಾತ್ರ ಅದೇ 450, ಅದು 2,000 ಆರ್‌ಪಿಎಂ ಆಸುಪಾಸಿನಲ್ಲೇ ಕೈಗೆ ಬರುತ್ತದೆ.

ಹಾಸನದ ಕಡೆ ಹೋಗುವಾಗ ಅರವತ್ತರಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಿದ್ದೀರಿ ಎಂದುಕೊಳ್ಳಿ. ಕರೇರಾದಲ್ಲಿ ಕಾಲು ಸ್ವಲ್ಪ ಒತ್ತಿದರೆ ಸಾಕು, ಕಾರು ಮುಂದಿರುತ್ತದೆ. ಜಿಟಿ3ಯಲ್ಲಿ ಎರಡು ಗೇರ್ ಇಳಿಸಿ ಎಂಜಿನ್ ಕೂಗಿಸಬೇಕು. ಕೂಗಿಸುವುದೇ ಖುಷಿ ಎನ್ನುವವರು ಇದ್ದಾರೆ, ಅವರ ಖುಷಿ ನಿಜವಾದದ್ದು. ಆದರೆ ಎರಡನೇ ಗೇರಿನಲ್ಲಿ 9,000 ಮುಟ್ಟುವಷ್ಟರಲ್ಲಿ ವೇಗ ನೂರನ್ನು ದಾಟಿರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ಮಿತಿ ಗಂಟೆಗೆ 100 ಕಿ.ಮೀ. 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮವನ್ನು ರಾಜ್ಯದ ಪೊಲೀಸರು 2024ರ ಆಗಸ್ಟ್‌ನಿಂದ ಜಾರಿಗೆ ತಂದಿದ್ದಾರೆ. ಹಾಗಾಗಿ ಯಾವ ಸದ್ದಿಗಾಗಿ ಹೆಚ್ಚು ದುಡ್ಡು ಕೊಟ್ಟಿರೋ ಅದನ್ನು ಪೂರ್ತಿಯಾಗಿ ಕೇಳುವ ಅವಕಾಶ ರಸ್ತೆಯಲ್ಲಿ ತೀರಾ ಕಡಿಮೆ.

ಟೈರ್ ಇನ್ನೊಂದು ವಿಷಯ. ಜಿಟಿ3ಗೆ ಬರುವ ಪೈಲಟ್ ಸ್ಪೋರ್ಟ್ ಕಪ್ 2 ಮಾದರಿಯ ಟೈರ್‌ಗಳು ಬಿಸಿಯಾದ ಮೇಲೆ ಹಿಡಿತ ಕೊಡುವಂಥವು. ಅವುಗಳ ಮೇಲಿನ ಟ್ರೆಡ್ ಗೆರೆಗಳು ಕಡಿಮೆ, ಆಳವೂ ಕಡಿಮೆ. ಜುಲೈ ತಿಂಗಳಲ್ಲಿ ಶಿರಾಡಿ ಘಾಟಿಯ ತಿರುವಿನಲ್ಲಿ ನೀರು ಹರಿಯುತ್ತಿರುವಾಗ, ಆ ನೀರನ್ನು ಪಕ್ಕಕ್ಕೆ ತಳ್ಳಲು ಈ ಟೈರಿಗೆ ದಾರಿ ಸಾಲುವುದಿಲ್ಲ. ಟೈರ್ ನೀರಿನ ಮೇಲೆ ತೇಲಿದರೆ ಸ್ಟಿಯರಿಂಗ್ ತಿರುಗಿಸಿಯೂ ಉಪಯೋಗವಿಲ್ಲ. ಜಿಟಿ3 ಕೊಂಡವರು ಮಳೆಗಾಲಕ್ಕೆ ಸಾಮಾನ್ಯ ರಸ್ತೆ ಟೈರ್ ಹಾಕಿಸಿಕೊಳ್ಳಲೇಬೇಕು ಎಂಬುದು ನನ್ನ ಖಚಿತ ನಿಲುವು.

ಜಿಟಿ3ಯೇ ಬೇಕೆನ್ನುವವರಿಗೆ ರಸ್ತೆಗೆ ಹೊಂದುವ ರೂಪ ಟೂರಿಂಗ್. ಹಿಂದಿನ ದೊಡ್ಡ ರೆಕ್ಕೆ ಇಲ್ಲ, ಎಂಜಿನ್ ಅದೇ. 2024ರ ಕೊನೆಗೆ ಬಂದ ಹೊಸ ಟೂರಿಂಗ್‌ನಲ್ಲಿ ಹಿಂದಿನ ಪುಟ್ಟ ಸೀಟುಗಳನ್ನೂ ಕೇಳಿ ಹಾಕಿಸಿಕೊಳ್ಳಬಹುದು. ಅದಕ್ಕೂ ಮುನ್ನ ಜಿಟಿ3ಯಲ್ಲಿ ಆ ಸೌಲಭ್ಯ ಇರಲಿಲ್ಲ. ಸಣ್ಣ ಮಕ್ಕಳಿರುವ ಮನೆಗೆ ಇದು ದೊಡ್ಡ ವ್ಯತ್ಯಾಸ.

ಆಯ್ಕೆ ಮಾಡುವ ಕ್ರಮ

1. ಮೊದಲು ಮನೆಯ ರ‍್ಯಾಂಪ್ ನೋಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ಇಳಿಜಾರು ಶುರುವಾಗುವ ಮತ್ತು ಮುಗಿಯುವ ಜಾಗಗಳಲ್ಲೇ ತೊಂದರೆ. ಇಳಿಯುವಾಗ ಮುಗಿಯುವಲ್ಲಿ ಮೂತಿ ತಾಗುತ್ತದೆ, ಹತ್ತಿ ಬರುವಾಗ ಮೇಲಿನ ಅಂಚಿನಲ್ಲಿ ತಳ ಉಜ್ಜುತ್ತದೆ. ಡೆಮೊ ಕಾರನ್ನು ಮನೆಗೇ ತರಿಸಿ. ನಡಿಗೆಯ ವೇಗದಲ್ಲಿ ಇಳಿಸಿ, ಪಕ್ಕದಲ್ಲಿ ಒಬ್ಬರು ಬಗ್ಗಿ ನೋಡುತ್ತಿರಲಿ. ಶೋರೂಮಿನವರು ಒಪ್ಪದಿದ್ದರೆ ಒಪ್ಪುವವರೆಗೆ ಅಡ್ವಾನ್ಸ್ ಕೊಡಬೇಡಿ.

2. ದಿನದ ದಾರಿಯ ಹಂಪ್‌ಗಳನ್ನು ಗಮನಿಸಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. 911ರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಸುಮಾರು 2.45 ಮೀಟರ್. ಸರಿಯಾದ ಅಳತೆಯ ಹಂಪ್ ಆದರೆ ಮುಂದಿನ ಚಕ್ರ ಇಳಿಯುವ ಮೊದಲೇ ಹಿಂದಿನದು ಹತ್ತಿರುತ್ತದೆ, ಕಾರು ಪೂರ್ತಿ ಮೇಲೆದ್ದೇ ದಾಟುತ್ತದೆ. ಬೀದಿಯವರೇ ಸಿಮೆಂಟ್ ಸುರಿದು ಮಾಡಿಕೊಂಡ ಕಿರಿದಾದ ಹಂಪ್ ಹಾಗಲ್ಲ. ಅದು ಎರಡು ಚಕ್ರಗಳ ನಡುವೆ ನಿಂತು ನೇರವಾಗಿ ತಳಕ್ಕೆ ತಾಗುತ್ತದೆ. ನಿಮ್ಮ ದಾರಿಯಲ್ಲಿ ಇಂಥವೇ ಹೆಚ್ಚಿದ್ದರೆ ಇನ್ನೂ ತಗ್ಗಾದ ಜಿಟಿ3ಯ ಆಸೆ ಬಿಡುವುದೇ ಒಳ್ಳೆಯದು.

3. ಮುಂಭಾಗ ಎತ್ತುವ ಲಿಫ್ಟ್ ಹಾಕಿಸಿಯೇ ಕಾರು ತರಿಸಿ. ಗುಂಡಿ ಒತ್ತಿದರೆ ಮೂತಿ ಸುಮಾರು 40 ಮಿ.ಮೀ. ಮೇಲೇಳುತ್ತದೆ, ಗಂಟೆಗೆ 35 ಕಿ.ಮೀ. ಒಳಗಿನ ವೇಗದಲ್ಲಿ ಕೆಲಸ ಮಾಡುತ್ತದೆ. ಜಾಗವನ್ನು ನೆನಪಿಟ್ಟುಕೊಂಡು ಮುಂದಿನ ಸಲ ತಾನಾಗಿಯೇ ಏರುವ ರೂಪವೂ ಇದೆ. ನಮ್ಮ ರಸ್ತೆಗಳಿಗೆ ಇದು ಶೋಕಿಯಲ್ಲ, ಅಗತ್ಯ. ಕಾರ್ಖಾನೆಯಲ್ಲೇ ಹಾಕಿಸಬೇಕು, ಆಮೇಲೆ ಹಾಕಿಸಿಕೊಳ್ಳೋಣ ಎಂದರೆ ಕಷ್ಟ. ಒಂದು ಮಾತು ನೆನಪಿರಲಿ: ಏಳುವುದು ಮೂತಿ ಮಾತ್ರ, ನಡುಭಾಗಕ್ಕೆ ಇದರಿಂದ ಹೆಚ್ಚಿನ ರಕ್ಷಣೆಯಿಲ್ಲ.

4. ಸೀಟಿನಲ್ಲಿ ಕನಿಷ್ಠ ಅರ್ಧ ಗಂಟೆ ಕುಳಿತು ನೋಡಿ. ಕಾರ್ಬನ್ ಬಕೆಟ್ ಸೀಟು ಚಿತ್ರದಲ್ಲಿ ಚೆಂದ. ಅದರ ಬೆನ್ನನ್ನು ಹಿಂದಕ್ಕೆ ವಾಲಿಸಲಾಗದು, ಪಕ್ಕದ ಅಂಚುಗಳು ಎತ್ತರ. ಮೊಣಕಾಲು ನೋವಿನವರಿಗೆ, ಸೀರೆ ಉಟ್ಟವರಿಗೆ ಹತ್ತಿ ಇಳಿಯುವುದು ಪ್ರಯಾಸ. ಮನೆಯವರನ್ನೂ ಕೂರಿಸಿ ಕೇಳಿ.

5. ಬ್ರೇಕ್ ವಿಷಯದಲ್ಲಿ ರಸ್ತೆಗೆ ಕಬ್ಬಿಣದ ಡಿಸ್ಕ್ ಧಾರಾಳ ಸಾಕು. ಹಳದಿ ಕ್ಯಾಲಿಪರ್‌ನ ಸೆರಾಮಿಕ್ ಬ್ರೇಕ್ ಮತ್ತೆ ಮತ್ತೆ ಅತಿ ವೇಗದಿಂದ ಬ್ರೇಕ್ ಹಾಕುವ ಟ್ರ್ಯಾಕಿನ ಶಾಖಕ್ಕಾಗಿ ಇರುವಂಥದ್ದು. ಚಕ್ರ ಬಿಚ್ಚುವಾಗ ರಿಮ್ ತಾಗಿ ಅಂಚು ಚಕ್ಕೆ ಎದ್ದರೆ ಡಿಸ್ಕನ್ನೇ ಬದಲಿಸಬೇಕಾದೀತು, ಅದರ ಬೆಲೆ ಕೇಳಿಯೇ ತೀರ್ಮಾನಿಸಿ.

6. ಪೆಟ್ರೋಲ್. ಕಾರಿನ ಮ್ಯಾನ್ಯುವಲ್‌ನಲ್ಲಿ ಎಷ್ಟು ಆಕ್ಟೇನ್, ಎಷ್ಟು ಎಥನಾಲ್ ಎಂದಿದೆಯೋ ಓದಿ. ನಿಮ್ಮ ಓಡಾಟದ ದಾರಿಯಲ್ಲಿ ಎಕ್ಸ್‌ಪಿ100ನಂಥ ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಸಿಗುವ ಬಂಕ್ ಯಾವುದು ಎಂದು ಗುರುತು ಮಾಡಿಟ್ಟುಕೊಳ್ಳಿ. ಬೆಂಗಳೂರು ಬಿಟ್ಟರೆ ಅವು ವಿರಳ.

ಪಟ್ಟಿ, ಅಡ್ವಾನ್ಸ್ ಮತ್ತು "ಮೇಲಿನ ದುಡ್ಡು"

ಬೇಡಿಕೆ ಹೆಚ್ಚಿರುವ ಕಾರನ್ನು ಮೊದಲು ಬಂದವರಿಗೆ ಮೊದಲು ಎಂದು ಸಾಮಾನ್ಯವಾಗಿ ಕೊಡುವುದಿಲ್ಲ. ಕಂಪನಿ ಪ್ರತಿ ಡೀಲರಿಗೆ ಇಷ್ಟು ಎಂದು ಹಂಚುತ್ತದೆ, ಡೀಲರ್ ತನ್ನ ಹಳೆಯ ಗಿರಾಕಿಗಳಿಗೆ ಮೊದಲು ಕೊಡುತ್ತಾನೆ. ಹಾಗಾಗಿ ಪಟ್ಟಿಯಲ್ಲಿ ಹೆಸರಿದೆ ಎಂದರೆ ಕಾರು ನಿಮ್ಮದಾಯಿತು ಎಂದಲ್ಲ. ಅಡ್ವಾನ್ಸ್ ಕೊಡುವ ಮೊದಲು ಈ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ: ನನಗೆ ಕಾರು ಹಂಚಿಕೆಯಾಗಿದೆಯೋ ಅಥವಾ ಹೆಸರು ಬರೆದುಕೊಂಡಿದ್ದೀರೋ? ಆಪ್ಷನ್‌ಗಳನ್ನು ಯಾವ ತಾರೀಖಿನೊಳಗೆ ಅಂತಿಮಗೊಳಿಸಬೇಕು? ಯೂರೊ ಬೆಲೆ ಏರಿದರೆ ಅಥವಾ ಸುಂಕ ಬದಲಾದರೆ ಹೊರೆ ಯಾರದು? ನಾನು ಬೇಡವೆಂದರೆ ಅಡ್ವಾನ್ಸ್ ಎಷ್ಟು ವಾಪಸ್, ಎಷ್ಟು ದಿನದಲ್ಲಿ? ಬಾಯಿಮಾತಿನ ಭರವಸೆ ಕೊಟ್ಟ ಸೇಲ್ಸ್‌ನವರು ನಿಮ್ಮ ಸರದಿ ಬರುವ ಹೊತ್ತಿಗೆ ಬೇರೆ ಕಂಪನಿ ಸೇರಿರಬಹುದು.

ಮೇಲಿನ ದುಡ್ಡು ಕೊಟ್ಟು ಕೊಳ್ಳಬೇಕೆ? ಬೇಡ ಎನ್ನುತ್ತೇನೆ. 2016ರಲ್ಲಿ ಪೋರ್ಷೆ 911 ಆರ್ ಎಂಬ ಕಾರನ್ನು ತಂದಿತು. ಮ್ಯಾನ್ಯುವಲ್ ಗೇರ್, ರೆಕ್ಕೆ ಇಲ್ಲದ ಮೈಕಟ್ಟು, ಒಟ್ಟು 991 ಕಾರು ಮಾತ್ರ. ಅಮೆರಿಕದಲ್ಲಿ 1,84,900 ಡಾಲರ್ ಬೆಲೆಯ ಆ ಕಾರಿಗೆ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಮೂಲ ಬೆಲೆಯ ಹಲವು ಪಟ್ಟು ಕೇಳಿದರು. 2017ರಲ್ಲಿ ಅದೇ ಕಂಪನಿ ಜಿಟಿ3ಗೆ ಮತ್ತೆ ಮ್ಯಾನ್ಯುವಲ್ ಗೇರ್ ಕೊಟ್ಟಿತು, ಜೊತೆಗೆ ರೆಕ್ಕೆಯಿಲ್ಲದ ಟೂರಿಂಗ್ ತಂದಿತು. 911 ಆರ್ ಬೆಲೆ ಇಳಿಯಿತು. ತುದಿಯಲ್ಲಿ ಕೊಂಡವರು ಕೈ ಸುಟ್ಟುಕೊಂಡರು. ಬೇಡಿಕೆಯನ್ನು ಹುಟ್ಟಿಸುವ ಕಂಪನಿಗೆ ಅದನ್ನು ತಗ್ಗಿಸುವುದೂ ಗೊತ್ತು.

ಹೊಸ ಮಾದರಿಯ ಮೊದಲ ಕಂತಿನಲ್ಲೇ ಕಾರು ಬೇಕೆಂಬ ಆತುರವೂ ಬೇಡ. 2014ರಲ್ಲಿ ಆಗಿನ ಹೊಸ ಜಿಟಿ3ಯ ಎಂಜಿನ್ನೊಳಗೆ ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲವಾಗಿ ಕಾರುಗಳಿಗೆ ಬೆಂಕಿ ಹತ್ತಿತು. ಕಾರು ಓಡಿಸಬೇಡಿ ಎಂದು ಪೋರ್ಷೆ ಮಾಲೀಕರಿಗೆ ಹೇಳಿತು, 785 ಕಾರುಗಳ ಎಂಜಿನ್ನನ್ನೇ ಬದಲಿಸಿಕೊಟ್ಟಿತು. ಜವಾಬ್ದಾರಿಯ ಕೆಲಸವೇ. ಆದರೂ ಮೊದಲು ಕೊಂಡವರ ಕಾರು ತಿಂಗಳುಗಟ್ಟಲೆ ನಿಂತಿತ್ತು.

ದುಡ್ಡಿನ ಲೆಕ್ಕವನ್ನು ಎಕ್ಸ್‌ಶೋರೂಂ ಬೆಲೆಗೆ ನಿಲ್ಲಿಸಬೇಡಿ. 2024ರಲ್ಲಿ ಕರೇರಾ ಭಾರತಕ್ಕೆ ಬಂದಾಗ ಆರಂಭದ ಬೆಲೆ 1.99 ಕೋಟಿ. ಕರ್ನಾಟಕದಲ್ಲಿ 20 ಲಕ್ಷಕ್ಕೂ ಮೇಲಿನ ಕಾರಿಗೆ ಆಜೀವ ತೆರಿಗೆ ಶೇ 18. ಆ ಬೆಲೆಗೆ ತೆರಿಗೆಯೇ ಸುಮಾರು 36 ಲಕ್ಷ, ಸೆಸ್ ಸೇರಿದರೆ 40 ಲಕ್ಷದ ಹತ್ತಿರ. ಶೇ 1 ಟಿಸಿಎಸ್ ಕೂಡ ಕಟ್ಟಬೇಕು, ಆದರೆ ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಇನ್ಶೂರೆನ್ಸ್‌ನಲ್ಲಿ ಜೀರೊ ಡಿಪ್ರಿಸಿಯೇಷನ್, ಎಂಜಿನ್ ರಕ್ಷಣೆ, ರಿಟರ್ನ್ ಟು ಇನ್‌ವಾಯ್ಸ್ ಮೂರೂ ಇರಲಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ನೋಡಬೇಕಾದದ್ದು

ಕಾಯಲಾರದವರಿಗೆ ಇದೇ ಒಳ್ಳೆಯ ದಾರಿ, ಎಚ್ಚರ ಇದ್ದರೆ. ಹೊಳಪು, ಬಣ್ಣ, ಸದ್ದುಗಳಿಗೆ ಮನಸೋಲುವ ಮೊದಲು ಪೋರ್ಷೆ ಸರ್ವಿಸ್ ಸೆಂಟರಿನಲ್ಲಿ ದುಡ್ಡು ಕಟ್ಟಿ ತಪಾಸಣೆ ಮಾಡಿಸಿ. ಕಂಪನಿಯ 111 ಅಂಶಗಳ ತಪಾಸಣೆ ಮುಗಿದ ಕಾರಾದರೆ ಕಂಪನಿಯ ವಾರಂಟಿಗೂ ದಾರಿಯಿದೆ. ಮಾರುವವರು ತಪಾಸಣೆಗೆ ಒಪ್ಪದಿದ್ದರೆ ಆ ಕಾರಿನ ಮಾತು ಅಲ್ಲಿಗೇ ಮುಗಿಸಿ.

1. ಓವರ್‌ರೆವ್ ವರದಿ ಕೇಳಿ. ಪೋರ್ಷೆಯ ಎಂಜಿನ್ ಕಂಪ್ಯೂಟರ್ ಎಂಜಿನ್ ಮಿತಿ ಮೀರಿ ತಿರುಗಿದ ಪ್ರತಿ ಸಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಸರ್ವಿಸ್‌ನವರು ತಮ್ಮ ಪಿವಿಸ್ ಯಂತ್ರ ಜೋಡಿಸಿದರೆ ಆರು ಹಂತಗಳ ಪಟ್ಟಿ ಬರುತ್ತದೆ: ಯಾವ ಹಂತಕ್ಕೆ ಎಷ್ಟು ಬಾರಿ ಮುಟ್ಟಿದೆ, ಕೊನೆಯ ಸಲ ಎಂಜಿನ್ನಿನ ಎಷ್ಟನೇ ಗಂಟೆಯಲ್ಲಿ. ಕೆಳಗಿನ ಹಂತಗಳಲ್ಲಿ ಸಂಖ್ಯೆ ಇದ್ದರೆ ಗಾಬರಿ ಬೇಡ, ಆ ಕಾರು ಇರುವುದೇ ಹಾಗೆ ಓಡಿಸಲು. ಮೇಲಿನ ಹಂತಗಳಲ್ಲಿದ್ದರೆ ಹುಷಾರು. ಕಾಲು ಎಷ್ಟು ಒತ್ತಿದರೂ ಮಿತಿ ದಾಟದಂತೆ ಕಂಪ್ಯೂಟರ್ ತಡೆಯುತ್ತದೆ. ಮ್ಯಾನ್ಯುವಲ್ ಗೇರಿನಲ್ಲಿ ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದರೆ ಮಾತ್ರ ಚಕ್ರಗಳೇ ಎಂಜಿನ್ನನ್ನು ಬಲವಂತವಾಗಿ ತಿರುಗಿಸುತ್ತವೆ, ಅದನ್ನು ಯಾವ ಕಂಪ್ಯೂಟರೂ ತಡೆಯಲಾರದು. ವಾಲ್ವ್‌ಗಳಿಗೆ ಪೆಟ್ಟು ಬೀಳುವುದು ಹೀಗೆ. ಪಿಡಿಕೆ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಂಥ ತಪ್ಪು ಗೇರನ್ನು ಒಪ್ಪುವುದಿಲ್ಲವಾದ್ದರಿಂದ ಅಲ್ಲಿ ಈ ಭಯ ಕಡಿಮೆ.

2. ಅದೇ ವರದಿಯಲ್ಲಿ ಎಂಜಿನ್ನಿನ ಒಟ್ಟು ಗಂಟೆಯೂ ಇರುತ್ತದೆ. ಓಡೊಮೀಟರಿನ ಕಿಲೊಮೀಟರನ್ನು ಅದರಿಂದ ಭಾಗಿಸಿ. 12,000 ಕಿ.ಮೀ., 600 ಗಂಟೆ ಎಂದರೆ ಸರಾಸರಿ 20. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿದ ಕಾರು, ಲೆಕ್ಕ ಹೊಂದುತ್ತದೆ. 12,000ಕ್ಕೆ 150 ಗಂಟೆಯಾದರೆ ಸರಾಸರಿ 80, ಬಹುಪಾಲು ಹೆದ್ದಾರಿಯ ಓಟ. "ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಕಡೆ ಮಾತ್ರ ಓಡಿಸಿದ್ದು" ಎಂದು ಹೇಳುವವರ ಕಾರಿನ ಸರಾಸರಿ ಹತ್ತು ಬಂದರೆ ಓಡೊಮೀಟರನ್ನು ಅನುಮಾನಿಸಿ.

3. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೇ ವಾರ. ಕಡಿಮೆ ಓಡಿದ ಕಾರುಗಳಲ್ಲಿ ಟ್ರೆಡ್ ಗೆರೆಗಳು ಹೊಸ ಟೈರಿನಂತಿದ್ದು ರಬ್ಬರ್ ಗಟ್ಟಿಯಾಗಿರುತ್ತದೆ. ಪೋರ್ಷೆಗೆಂದು ಒಪ್ಪಿದ ಟೈರಿನ ಮೇಲೆ ಎನ್ ಅಕ್ಷರದ ಗುರುತಿರುತ್ತದೆ, ನಾಲ್ಕರಲ್ಲೂ ಇದೆಯೇ ನೋಡಿ. ಜಿಟಿ3ಯ ಚಕ್ರಕ್ಕೆ ನಡುವೆ ಒಂದೇ ದೊಡ್ಡ ನಟ್. ಅದನ್ನು 600 ನ್ಯೂಟನ್ ಮೀಟರ್ ಬಲದಲ್ಲಿ ಬಿಗಿಯಬೇಕು, ಬೀದಿ ಬದಿಯ ಪಂಕ್ಚರ್ ಅಂಗಡಿಯ ಕೆಲಸವಲ್ಲ.

4. ನೆರೆಗೆ ಸಿಕ್ಕ ಕಾರಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರಿನ ಬಡಾವಣೆಯಲ್ಲಿ ಕೋಟಿ ಬೆಲೆಯ ಕಾರುಗಳು ನೀರಿನಲ್ಲಿ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಮಾರುವ ಮುನ್ನ ಕಾರು ತೊಳೆಯುವವರು ಮೇಲಿನ ಅರ್ಧವನ್ನಷ್ಟೇ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು, ಕಾರ್ಪೆಟ್ ಅಡಿಯ ವೈರ್ ಕನೆಕ್ಟರುಗಳ ಹಸಿರು ಕಿಲುಬು, ಎಸಿ ಹಾಕಿದ ಕೂಡಲೇ ಬರುವ ಮುಗ್ಗಲು ವಾಸನೆಗಳನ್ನು ಗಮನಿಸಿ.

5. ಕಾಗದಪತ್ರ. ಪರಿವಾಹನ್ ತಾಣದಲ್ಲಿ ಆರ್‌ಸಿ ವಿವರ, ಸಾಲದ ಹೈಪಾಥಿಕೇಷನ್, ಬಾಕಿ ಚಲನ್ ನೋಡಿ. ಇನ್ಶೂರೆನ್ಸ್ ಕ್ಲೇಮಿನ ಇತಿಹಾಸ ಕೇಳಿ. ವಿದೇಶದಿಂದ ಬಂದ ಕಾರಾದ್ದರಿಂದ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಪ್ರತಿಯಲ್ಲಿರುವ ಚಾಸಿ ನಂಬರನ್ನು ಕಾರಿನ ನಂಬರಿನೊಂದಿಗೆ ನೀವೇ ಹೋಲಿಸಿ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ನಡೆಸಿದ ಆಪರೇಷನ್ ನುಮ್‌ಖೋರ್ ದಾಳಿಯಲ್ಲಿ ಭೂತಾನ್ ಮೂಲಕ ಸುಂಕ ತಪ್ಪಿಸಿ ತಂದವೆಂಬ ಆರೋಪದ ಕಾರುಗಳನ್ನು ಅವು ಆಗ ಯಾರ ಹೆಸರಿನಲ್ಲಿದ್ದವೋ ಅವರ ಮನೆಗಳಿಂದಲೇ ವಶಪಡಿಸಿಕೊಂಡರು. ಗೊತ್ತಿಲ್ಲದೆ ಕೊಂಡೆ ಎಂದಷ್ಟೇ ಹೇಳಿದರೆ ಕಾರು ಉಳಿಯುತ್ತದೆಂಬ ಖಾತ್ರಿಯಿಲ್ಲ.

ಪದೇ ಪದೇ ಆಗುವ ತಪ್ಪುಗಳು

ಪುದುಚೇರಿ ನಂಬರ್ ಪ್ಲೇಟಿನ ಅಗ್ಗದ ಕಾರು. ಬೆಲೆ ಕಡಿಮೆ ಇರುವುದು ಅಲ್ಲಿ ತೆರಿಗೆ ಕಡಿಮೆ ಕಟ್ಟಿರುವುದರಿಂದ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗೂ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಒಂದೇ ಕಾರ್ಯಾಚರಣೆಯಲ್ಲಿ ಇಂಥ ಸುಮಾರು ಮೂವತ್ತು ಐಷಾರಾಮಿ ಕಾರು ಹಿಡಿದರು. ಅದೇ ವರ್ಷದ ಜುಲೈನಲ್ಲಿ ಒಂದು ಫೆರಾರಿಯ ಮಾಲೀಕರು ಕಟ್ಟಿದ ಬಾಕಿ ತೆರಿಗೆ ಸುಮಾರು 1.4 ಕೋಟಿ. ಆ ಮೊತ್ತವನ್ನು ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ, ಮೂಲ ರಾಜ್ಯದ ಎನ್‌ಒಸಿ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ.

ಅಮೆರಿಕದ ಕಾರನ್ನು ಊರಿಗೆ ತರುವ ಯೋಚನೆ. ಕ್ಯಾಲಿಫೋರ್ನಿಯದ ನಮ್ಮ ಕನ್ನಡಿಗರು ವಾಪಸ್ ಬರುವಾಗ ಇದನ್ನು ಕೇಳುತ್ತಿರುತ್ತಾರೆ. ಆಗದು. ಹಳೆಯ ಕಾರು ಆಮದಿಗೆ ಸ್ಟಿಯರಿಂಗ್ ಬಲಗಡೆಯೇ ಇರಬೇಕು, ಮೂರು ವರ್ಷದೊಳಗಿನದಾಗಿರಬೇಕು. ಅಲ್ಲೇ ಮಾರಿ ಬನ್ನಿ.

ಸೈಲೆನ್ಸರ್ ಬದಲಿಸುವುದು. ವಾರಂಟಿಗೆ ಕುತ್ತು, ಪೊಲೀಸರ ದಂಡ, ನೆರೆಹೊರೆಯವರ ನಿದ್ದೆಗೇಡು. 911ರ ಮೂಲ ಸದ್ದು ಚೆನ್ನಾಗಿಯೇ ಇದೆ.

ಕಾರನ್ನು ಹೊದಿಕೆ ಹಾಕಿ ನಿಲ್ಲಿಸಿಬಿಡುವುದು. ಬ್ಯಾಟರಿ ಇಳಿಯುತ್ತದೆ, ಟೈರ್ ಒಂದೇ ಕಡೆ ಚಪ್ಪಟೆಯಾಗುತ್ತದೆ, ಇಲಿಗಳು ವೈರ್ ಕಡಿಯುತ್ತವೆ. ನಿಂತೇ ಇರುವುದಾದರೆ ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಮಾಡಿಸಿ ಬ್ಯಾಟರಿ ಮೆಂಟೇನರ್ ಜೋಡಿಸಿಡಿ.

ಡೆಲಿವರಿಯ ದಿನ

ಹಗಲು ಬೆಳಕಿನಲ್ಲೇ ತೆಗೆದುಕೊಳ್ಳಿ. ದೀಪದಡಿ ಪೇಂಟಿನ ಗೀರು ಕಾಣುವುದಿಲ್ಲ. ನೀವು ಕೇಳಿದ ಪ್ರತಿ ಆಪ್ಷನ್ ಬಂದಿದೆಯೇ ಎಂದು ಆರ್ಡರ್ ಪ್ರತಿ ಹಿಡಿದು ಒಂದೊಂದಾಗಿ ನೋಡಿ, ಲಿಫ್ಟನ್ನು ಅಲ್ಲೇ ಏರಿಸಿ ಇಳಿಸಿ. ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ದ್ರಾವಣದ ಬಾಟಲಿ ಮತ್ತು ಕಂಪ್ರೆಸರ್ ಎಲ್ಲಿವೆ, ದ್ರಾವಣದ ಅವಧಿ ಯಾವಾಗ ಮುಗಿಯುತ್ತದೆ ಎಂದು ಕೇಳಿ. ಟೈರಿನ ಪಕ್ಕದ ಗೋಡೆ ಸೀಳಿದರೆ ಆ ದ್ರಾವಣ ಉಪಯೋಗಕ್ಕೆ ಬಾರದು, ಆಗ ಹಗ್ಗ ಕಟ್ಟಿ ಎಳೆಸದೆ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಬೇಕು. ಮುಂದಿನ ಬಂಪರಿಗೆ ತಿರುಗಿಸಿ ಹಾಕುವ ಎಳೆಕೊಕ್ಕೆಯನ್ನು ಶೋರೂಮಿನಲ್ಲೇ ಒಮ್ಮೆ ಹಾಕಿ ತೆಗೆದು ಕಲಿತುಕೊಳ್ಳಿ. ಫ್ಲ್ಯಾಟ್‌ಬೆಡ್‌ನ ಫೋನ್ ನಂಬರನ್ನು ಮೊಬೈಲಿನಲ್ಲಷ್ಟೇ ಇಟ್ಟುಕೊಳ್ಳದೆ ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲೂ ಇಡಿ. ಘಾಟಿಯಲ್ಲಿ ಮೊಬೈಲಿನ ಚಾರ್ಜ್ ಮುಗಿದರೆ ಬೇರೆಯವರ ಫೋನಿನಿಂದಾದರೂ ಕರೆ ಮಾಡಬಹುದು.